ಪುಣೆಗೆ ಬಂದು 8 ತಿಂಗಳಾಯ್ತು, ಫಾರ್ಮಲ್ಲಿ ಬರೆಯೋಕೆ ಒಂದು ನಂಬರ್ ಇಲ್ಲ

ತುಂಗಾತೀರ · ಜುಲೈ 5, ರಾತ್ರಿ 11:40

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಓದಿ ಪ್ಲೀಸ್. ನಂಗೆ 31 ವರ್ಷ, ಊರು ಶಿವಮೊಗ್ಗ ಹತ್ರ. ಬೆಂಗಳೂರಲ್ಲಿ 7 ವರ್ಷ ಇದ್ದು ಹೋದ ನವೆಂಬರಲ್ಲಿ ಕಂಪನಿ ಟ್ರಾನ್ಸ್‌ಫರ್ ಮೇಲೆ ಪುಣೆಗೆ ಬಂದೆ, ವಾಕಡ್‌ನಲ್ಲಿ 11ನೇ ಫ್ಲೋರ್, ಬಾಡಿಗೆ ಮನೆ, ಒಬ್ಳೇ ಇದೀನಿ. ವಾರಕ್ಕೆ ಎರಡು ದಿನ ಹಿಂಜವಡಿ ಆಫೀಸು, ಉಳಿದ ದಿನ ಮನೆಯಿಂದ ಕೆಲಸ. ಟೀಮಿನವರು ಒಳ್ಳೆಯವರೇ ಕಣ್ರೀ, ಆದ್ರೆ ಅರ್ಧ ಜನ ಹೈದರಾಬಾದಲ್ಲಿ, ಇಲ್ಲಿರೋರಿಗೆ ಮನೆ ಮಕ್ಕಳು ಸಂಸಾರ, ಆರು ಗಂಟೆಗೆ ಬ್ಯಾಗ್ ಎತ್ಕೊಂಡ್ರೆ ಮುಗೀತು.

ಹೋದ ವಾರ ಜ್ವರ 103 ಆಯ್ತು. ಒಬ್ಳೇ ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಕೌಂಟರಲ್ಲಿ ಫಾರ್ಮ್ ಕೊಟ್ರು, ತುರ್ತು ಇದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಅದ್ರಲ್ಲೊಂದು ಕಾಲಂ. ಅಮ್ಮನ ನಂಬರ್ ಬರೆದೆ. ಆ ಹುಡುಗಿ ನೋಡಿ, ಊರಿಂದು ಬೇಡ ಮ್ಯಾಡಂ ಪುಣೆಲಿರೋರ್ದು ಯಾರ್ದಾದ್ರೂ ಕೊಡಿ ಅಂದ್ಲು. ಪೆನ್ನು ಹಿಡ್ಕೊಂಡು ಎಷ್ಟೊತ್ತು ನಿಂತಿದ್ನೋ ಗೊತ್ತಿಲ್ಲ, ಹಿಂದಿನವರು ಕೆಮ್ಮಿದ ಮೇಲೆ ಮನೆ ಓನರ್ ನಂಬರ್ ಬರೆದೆ. ಅವರು ಇರೋದು ನಾಶಿಕಲ್ಲಿ.

ನಾನು ಸುಮ್ನೆ ಮನೇಲಿ ಕೂತಿರೋಳಲ್ಲ, ಅದನ್ನೂ ಹೇಳ್ಬೇಕು. ಒಂದ್ಸಲ ಟ್ರೆಕ್ಕಿಂಗ್ ಗುಂಪಿನ ಜೊತೆ ರಾಜಗಡ ಹತ್ತಿ ಬಂದೆ, ಒಂದ್ಸಲ ಬೋರ್ಡ್ ಗೇಮ್ ಸಂಜೆಗೆ ಹೋದೆ, ಒಂದು ಭಾನುವಾರ ಮಡಕೆ ಮಾಡೋ ಕ್ಲಾಸು, ಇನ್ನೊಂದ್ಸಲ ಪುಸ್ತಕ ಓದೋರ ಭೇಟಿ. ಹೋದಲ್ಲೆಲ್ಲ ಚೆನ್ನಾಗೇ ಮಾತಾಡಿದ್ರು, ನಂಬರ್ ತಗೊಂಡ್ರು, ವಾಟ್ಸಾಪ್ ಗ್ರೂಪ್ ಆಯ್ತು, ಎರಡು ದಿನ ಫೋಟೋ ಬಂತು, ಆಮೇಲೆ ಗುಡ್ ಮಾರ್ನಿಂಗು, ಆಮೇಲೆ ಅದೂ ಇಲ್ಲ. ಅಮ್ಮ ಭಾನುವಾರ ಫೋನ್ ಮಾಡಿದ್ರೆ ಫ್ರೆಂಡ್ಸ್ ಜೊತೆ ಹೊರಗಡೆ ಇದೀನಿ ಆಮೇಲ್ ಮಾಡ್ತೀನಿ ಅಂತೀನಿ, ಮನೇಲಿ ಸೋಫಾ ಮೇಲೆ ಕೂತ್ಕೊಂಡೇ.

ಹೊಸ ಊರಿಗೆ ಹೋಗಿ ಗೆಳೆಯರನ್ನ ಮಾಡ್ಕೊಂಡೋರು ದಯವಿಟ್ಟು ಹೇಳಿ, ಹೇಗೆ ಶುರು ಮಾಡಿದ್ರಿ, ಎಷ್ಟು ದಿನ ಹಿಡೀತು?

ಹುಬ್ಬಳ್ಳಿಯಾಂವ · ಜುಲೈ 6, ಬೆಳಿಗ್ಗೆ 7:15

ಅಕ್ಕಾರ, ಮೊದ್ಲ ಇದನ್ನ ಹೇಳ್ರಿ, ಜ್ವರ ಆರಾಮ ಆತಿಲ್ಲೋ?

ನಾ 2018ರಾಗ ಬಂದೆ, ಹಿಂಜವಡಿನ. ಮೊದಲನೇ ವರ್ಷ ನಿಮ್ಮಂಗ ಇತ್ತು. ಶುಕ್ರವಾರ ರಾತ್ರಿ ಬಸ್ ಹತ್ತೂದು, ಹುಬ್ಬಳ್ಳಿಗೆ ಹೋಗೂದು, ಸೋಮವಾರ ಮುಂಜಾನೆ ಇಳದು ಸೀದಾ ಆಫೀಸಿಗೆ. ತಿಂಗಳಿಗೆ ಮೂರ ಸಲ. ಇಲ್ಲಿ ಶನಿವಾರ ಐತವಾರ ಇರದಿದ್ದಾಂವಗ ದೋಸ್ತರು ಎಲ್ಲಿಂದ ಆಗಬೇಕ್ರಿ? ಅದು ತಿಳಿಲಿಕ್ಕೆ ನನಗ ಒಂದ ವರ್ಷ ಬೇಕಾತು.

ಆಮ್ಯಾಲ ಒಬ್ಬ ಆಫೀಸಿನಾಂವ ಢೋಲ್ ತಾಶಾ ಪಥಕಕ್ಕ, ಅಂದ್ರ ಢೋಲ್ ಬಾರಿಸೂ ಮಂದಿ ಗುಂಪಿಗೆ, ಕರಕೊಂಡ ಹೋದ. ಪುಣೆದಾಗ ಗಣಪತಿಗೆ ಒಂದು ಎರಡು ತಿಂಗಳ ಮೊದ್ಲಿಂದ ಸಂಜೀಕೆ ಪ್ರಾಕ್ಟೀಸ್ ಇರತೈತಿ, ಮುಠಾ ಹೊಳಿ ದಂಡ್ಯಾಗ, ಬ್ರಿಜ್ ಕೆಳಗ, ಎಲ್ಲಿ ಜಾಗಾ ಸಿಗತದ ಅಲ್ಲಿ. ಹೊಸಬರನ್ನ ತಗೋತಾರ, ಹೆಣ್ಣಹುಡುಗ್ಯಾರೂ ಭಾಳ ಇರ್ತಾರ. ಢೋಲ್ ಸೊಂಟಕ್ಕ ಕಟ್ಟಬೇಕು, ಒಂದ ಕೈಯಾಗ ಟಿಪರು ಅಂತ ಕೋಲು, ಇನ್ನೊಂದ ಅಂಗೈ. ಮೊದಲನೇ ವಾರ ಬೆರಳಿಗೆ ಬೊಬ್ಬಿ ಎದ್ದು ಲ್ಯಾಪ್‌ಟಾಪ್ ಕೀ ಒತ್ತಾಕ ಬರ್ತಿದ್ದಿಲ್ಲ. ನನಗ ಮರಾಠಿ ಬರ್ತಿದ್ದಿಲ್ಲ, ಆದ್ರ ತಾಳಕ್ಕ ಭಾಷಾ ಬೇಕಾಗೂದಿಲ್ರಿ. ನಾ ತಪ್ಪಿದ್ರ ಬಾಜೂದಾಂವ ಕಣ್ಣಿಲೇ ತೋರಸ್ತಿದ್ದ. ದಿನಾ ಎರಡು ತಾಸು, ನಲವತ್ತ ದಿನ. ಮುಗದ ಮ್ಯಾಲ ಎಲ್ಲಾರೂ ನಿಂತು ವಡಾಪಾವ್ ತಿನ್ನೂದು. ಅಲ್ಲಿ ಸಿಕ್ಕ ಮೂರ ಮಂದಿ ಈಗೂ ಅದಾರ, ನನ್ನ ಲಗ್ನಕ್ಕ ಹುಬ್ಬಳ್ಳಿಗೆ ಬಂದು ಮಂಟಪದ ಮುಂದ ಬಾರಿಸಿ ಹೋದ್ರು.

ಈಗ ಪ್ರಾಕ್ಟೀಸ್ ಶುರು ಆಗೂ ಟೈಮ್ ಐತಿ. ನೋಡ್ರಿ.

ಬಾಣೇರ್ ಬಾನಾಡಿ · ಜುಲೈ 6, ಬೆಳಿಗ್ಗೆ 10:02

ಮೇಡಂ, ನಿಮ್ಮ ಪೋಸ್ಟಲ್ಲಿ 'ಒಂದ್ಸಲ' ಅನ್ನೋ ಪದ ಎಷ್ಟು ಸಲ ಬಂದಿದೆ ನೋಡಿ. ತಪ್ಪು ಹುಡುಕ್ತಾ ಇಲ್ಲ, ನಂದೂ ಅದೇ ಕಥೆ ಆಗಿತ್ತು ಅದಕ್ಕೇ ಕಣ್ಣಿಗೆ ಬಿತ್ತು.

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನೋರು 2018ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು, ಊರು ಬದಲಾಯಿಸಿ ಬಂದೋರನ್ನ, ಕಾಲೇಜಿಗೆ ಹೊಸದಾಗಿ ಸೇರಿದೋರನ್ನ ಕೇಳಿ ಲೆಕ್ಕ ಹಾಕಿದ್ದು. ಬರೀ ಪರಿಚಯ ಇರೋದು ಸಾಮಾನ್ಯ ಗೆಳೆತನ ಆಗೋಕೆ ಸುಮಾರು 50 ಗಂಟೆ ಒಟ್ಟಿಗೆ ಕಳೀಬೇಕು, ಗೆಳೆಯ ಅಂತ ಹೇಳ್ಕೊಳ್ಳೋಕೆ 90 ಗಂಟೆ, ಆಪ್ತರಾಗೋಕೆ 200 ಗಂಟೆಗೂ ಜಾಸ್ತಿ. ಇನ್ನೊಂದು ವಿಷಯ, ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರಲ್ಲ, ಸುಮ್ನೆ ಹರಟೆ, ಊಟ, ಸುತ್ತಾಟ ಇವೇ ಬರೋದು. ಆಫೀಸಲ್ಲಿ 8 ತಿಂಗಳಾದ್ರೂ ಯಾರೂ ಹತ್ರ ಆಗ್ಲಿಲ್ಲ ಅಂದ್ರಲ್ಲ, ಅದಕ್ಕೆ ಇದೂ ಒಂದು ಕಾರಣ ಇರ್ಬೋದು.

ಈಗ ಹುಬ್ಬಳ್ಳಿಯವರ ಲೆಕ್ಕ ತಗೊಳ್ಳಿ, ದಿನಕ್ಕೆ 2 ಗಂಟೆ 40 ದಿನ, 80 ಗಂಟೆ ಆಯ್ತು. ನೀವು ಮಡಕೆ ಕ್ಲಾಸಿಗೆ ಹೋಗಿದ್ದು 2 ಗಂಟೆ, ಬೋರ್ಡ್ ಗೇಮ್ 3 ಗಂಟೆ, ರಾಜಗಡ ಒಂದಿಡೀ ದಿನ ಅಂದ್ಕೊಳ್ಳಿ. ಎಲ್ಲ ಕೂಡಿಸಿದ್ರೂ ಒಬ್ಬೊಬ್ಬರ ಜೊತೆ ಕೈಬೆರಳೆಣಿಕೆ ಗಂಟೆ. ನಿಮಗೆ ಮಾತಾಡೋಕೆ ಬರಲ್ಲ ಅಂತಲ್ಲ, ಗಂಟೆ ಸಾಲ್ಲಿಲ್ಲ ಅಷ್ಟೇ. ಹೊಸ ಹೊಸ ಕಡೆ ಹೋಗೋದು ನಿಲ್ಸಿ. ಒಂದು ಜಾಗ, ಒಂದು ಹೊತ್ತು, ಅದೇ ಮುಖಗಳು, ಮೂರು ತಿಂಗಳು ಬಿಡದೇ ಹೋಗಿ.

ನಾನು ಹೋಗೋದು ಬಾಣೇರ್ ಟೇಕಡಿಗೆ, ತುಕಾಯಿ ಗುಡಿ ಇದೆಯಲ್ಲ ಆ ಗುಡ್ಡ. ಬೆಳಿಗ್ಗೆ ಗಿಡ ನೆಡೋ ಗುಂಪು ಬರತ್ತೆ, ಮಳೆಗಾಲದಲ್ಲಿ ಗುಂಡಿ ತೋಡಿ ಸಸಿ ಇಡೋದು, ಬೇಸಿಗೆಯಲ್ಲಿ ಕ್ಯಾನಲ್ಲಿ ನೀರು ಹೊತ್ತು ಹಾಕೋದು. ಫೀಸ್ ಇಲ್ಲ, ಫಾರ್ಮ್ ಇಲ್ಲ. ವಾಕಡ್‌ನಿಂದ ದೂರವೂ ಇಲ್ಲ. ಕೈಗೆ ಕೆಲಸ ಇದ್ರೆ ಮಾತು ಹುಡುಕೋ ಕಷ್ಟ ಇರಲ್ಲ, ಅದು ನನಗೆ ಬಹಳ ಅನುಕೂಲ ಆಯ್ತು.

ಕಡಲಬದಿ · ಜುಲೈ 6, ಮಧ್ಯಾಹ್ನ 1:30

ಆ ಗಂಟೆಯ ಲೆಕ್ಕ ಓದಿ ನನಗೆ ಹಳೆಯದೆಲ್ಲ ನೆನಪಾಯ್ತು ಮಾರಾಯ್ರೆ. ನಾನು ಉಡುಪಿ ಕಡೆಯವ, 1991ರಲ್ಲಿ ಮುಂಬಯಿಗೆ ಬಂದದ್ದು, ಡೊಂಬಿವಲಿಯಲ್ಲಿ ಮನೆ, ಫೋರ್ಟ್‌ನಲ್ಲಿ ಕೆಲಸ. ಬೆಳಿಗ್ಗೆ ಒಂದೇ ಲೋಕಲ್, ಒಂದೇ ಡಬ್ಬಿ, ಒಂದೇ ಬಾಗಿಲು. ಒಂದು ಗಂಟೆ ಹತ್ತು ನಿಮಿಷ. ತಿಂಗಳಿಗೆ 25 ದಿನ ಹಿಡಿದ್ರೆ ಎರಡು ತಿಂಗಳೊಳಗೆ ನಿಮ್ಮ 50 ಗಂಟೆ ಆಗ್ತದೆ, ಏಳು ತಿಂಗಳಲ್ಲಿ 200. ಸರಿಯಾಗಿ ಹಾಗೇ ಆದದ್ದು! ಸುರುವಿಗೆ ನಾನು ನಿಂತುಕೊಂಡೇ ಹೋಗುವುದು, ಯಾರೂ ಮುಖ ನೋಡುವುದಿಲ್ಲ. ಒಂದೆರಡು ತಿಂಗಳು ಕಳೆದ ಮೇಲೆ ಒಬ್ಬರು ಘಾಟ್ಕೋಪರ್ ಬರುವಾಗ ಎದ್ದು, ಬೈಠೋ ಅಂತ ಸೀಟು ಕೊಟ್ರು. ನಮ್ಮ ಗುಂಪಿನ ಕ್ರಮ ಅದು, ಅರ್ಧ ದಾರಿ ಕೂತವ ಇನ್ನರ್ಧ ನಿಲ್ಲಬೇಕು. ಆ ದಿನ ನಾನು ಗುಂಪಿಗೆ ಸೇರಿದೆ ಅಂತ ಲೆಕ್ಕ.

ದಸರಾಕ್ಕೆ ಡಬ್ಬಿಗೆ ಹೂವಿನ ಮಾಲೆ ಕಟ್ಟಿ ಪೂಜೆ ಮಾಡಿ ಪೇಡೆ ಹಂಚುವುದುಂಟು. ಭಜನೆಯ ಗುಂಪು ಬೇರೆ, ತಾಳ ಬಡಿದುಕೊಂಡು ಹೋಗುವವರು. 2005 ಜುಲೈ 26, ಸಾಂತಾಕ್ರೂಝ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಂದದ್ದಲ್ಲ, ಆ ಸಂಜೆ ರೈಲು ಪರೇಲ್ ಹತ್ತಿರ ನಿಂತದ್ದು ನಿಂತೇ ಹೋಯ್ತು. ನಮ್ಮ ಗುಂಪಿನ ಒಬ್ಬರ ಅಕ್ಕನ ಮನೆ ಅಲ್ಲೇ ಚಾಳಿನಲ್ಲಿ, ಎರಡನೇ ಮಾಳಿಗೆ. ಏಳು ಮಂದಿ ಒಂದು ಕೋಣೆಯಲ್ಲಿ ಎರಡು ರಾತ್ರಿ. ಆ ಅಕ್ಕ ಇದ್ದ ಅಕ್ಕಿಯಲ್ಲಿ ಖಿಚಡಿ ಮಾಡಿ ನಮಗೆಲ್ಲ ಬಡಿಸಿ, ಕೊನೆಗೆ ತಾವು ಪಾವ್ ತಿಂದ್ರು. ನಾನು ಅವರ ಹೆಸರನ್ನು ಕೂಡ ಆ ದಿನವೇ ಕೇಳಿದ್ದು. ಈಗಲೂ ಪ್ರತಿ ಭಾಯ್‌ದೂಜಿಗೆ, ಅಕ್ಕ ತಮ್ಮಂದಿರ ಹಬ್ಬ ಅದು, ಅವರಲ್ಲಿಗೆ ಹೋಗ್ತೇನೆ.

ಪುಣೆಯಲ್ಲಿ ಲೋಕಲ್ ಅಷ್ಟಿಲ್ಲ, ಆದ್ರೆ ನಿಮ್ಮ ಆಫೀಸಿನ ಎರಡು ದಿನ ಒಂದೇ ಬಸ್ಸಿಗೆ ಒಂದೇ ಹೊತ್ತಿಗೆ ಹೋಗಿ ನೋಡಿ. ಕಿವಿಯಿಂದ ಇಯರ್‌ಫೋನ್ ತೆಗೆದು.

ಗಡಿ ಹುಡುಗ · ಜುಲೈ 6, ಮಧ್ಯಾಹ್ನ 3:48

ಬೆಳಗಾವಿಯಾಂವ ನಾನು. ಒಂದು ಮಾತು ನೇರ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. 8 ತಿಂಗಳಾತು, ಮರಾಠಿ ಎಷ್ಟ ಕಲತೀರಿ? ಹಿಂದಿ ಇಂಗ್ಲಿಷ್‌ನಾಗ ಪುಣೆದಾಗ ಬದುಕಬಹುದು, ಖರೆ. ಆದ್ರ ಇಲ್ಲಿ ಮಂದಿ ಮನಿ ಬಾಗಲಾ ತೆರಿಯೂದು ಮರಾಠಿಗೆ. ಕನ್ನಡದವರನ್ನ ಹುಡುಕ್ಕೋತ ಕೂತ್ರ ಸಣ್ಣ ಬಾವ್ಯಾಗ ಇದ್ದಂಗ ಆಗತದ. ತುಪ್ಪಕ್ಕ ಅವರು ತೂಪ ಅಂತಾರ, ಅಕ್ಕನ್ನ ಅಕ್ಕಾನ ಅಂತಾರ, ಅಣ್ಣಗ ಅಣ್ಣಾನ, ಹರಟಿ ಹೊಡಿಯೂ ಕಟ್ಟಿಗೆ ಕಟ್ಟಾ. ನಮಗ ಅರ್ಧ ಭಾಷಾ ಮೊದ್ಲ ಬಂದಿರತದ.

ತುಂಗಾತೀರ · ಜುಲೈ 6, ರಾತ್ರಿ 9:10

ಜ್ವರ ಕಮ್ಮಿ ಆಗಿದೆ, ಕೇಳಿದ್ದಕ್ಕೆ ಥ್ಯಾಂಕ್ಸ್ ಹುಬ್ಬಳ್ಳಿಯವರೇ, ನಿಜವಾಗ್ಲೂ. ಬಾನಾಡಿ ಸರ್, ಆ ಲೆಕ್ಕ ಓದಿ ನಂಗೆ ಎದೆ ಮೇಲಿಂದ ಏನೋ ಇಳಿದಂಗಾಯ್ತು, ಇಷ್ಟು ದಿನ ನನ್ನಲ್ಲೇ ಏನೋ ಕೊರತೆ ಇದೆ ಅಂದ್ಕೊಂಡಿದ್ದೆ.

ಗಡಿ ಹುಡುಗ ಅವರೇ, ನೀವು ಹೇಳಿದ್ದು ಸರಿ, ಮರಾಠಿ ಕಲೀಲಿಲ್ಲ, ಅದು ನನ್ನ ತಪ್ಪು. ಆದ್ರೆ ಕನ್ನಡದವರು ಬೇಕು ಅನ್ಸೋದು ಬಾವಿ ಅಲ್ಲ. ಇಡೀ ದಿನ ಇಂಗ್ಲಿಷಲ್ಲಿ ಮೀಟಿಂಗು, ಸಂಜೆ ತರಕಾರಿಯವನ ಹತ್ರ ಹಿಂದಿ, ರಾತ್ರಿ ಸುಸ್ತಾದಾಗ 'ಅಯ್ಯೋ ಸಾಕಾಯ್ತು ಮಾರಾಯ್ತಿ' ಅಂತ ಒಬ್ಬರಿಗೆ ಹೇಳ್ಬೇಕು ಅನ್ಸತ್ತೆ, ಅದನ್ನ ಬೇರೆ ಭಾಷೇಲಿ ಹೇಳಿದ್ರೆ ಸುಸ್ತು ಇಳಿಯಲ್ಲ.

ಇಂಡಿ ಸ್ಟೇರಿಂಗ್ · ಜುಲೈ 6, ರಾತ್ರಿ 11:55

ನಮಸ್ಕಾರ್ರಿ, ನಾ ಇಂಡಿ ತಾಲೂಕಿನಾಂವ, ಪುಣೆದಾಗ ಕ್ಯಾಬ್ ಹೊಡಿತೀನಿ 9 ವರ್ಷಾತು. ಬರಿಲಾಕ ಅಷ್ಟ ಬರಲ್ಲ, ತಪ್ಪ ಇದ್ರ ನೋಡಬ್ಯಾಡ್ರಿ.

ಈ ಅಕ್ಕಾರು ಕನ್ನಡದ ಮಾತ ಹೇಳ್ಯಾರಲ್ಲ ಅದಕ್ಕ ಬರಿಲಾಕತ್ತೀನಿ. ನನ್ನ ಗಾಡ್ಯಾಗ ಎಷ್ಟೋ ಮಂದಿ ಹಿಂದ ಕೂತು ಫೋನಿನ್ಯಾಗ ಕನ್ನಡ ಮಾತಾಡ್ತಾರ್ರಿ. ಅವ್ವನ ಕೂಡ, ತಮ್ಮನ ಕೂಡ. ನನಗ ಎಲ್ಲಾ ತಿಳಿತದ, ಆದ್ರ ಕೇಳಿಸ್ಕೊಂಡೀನಿ ಅಂತ ತಿಳದ್ರ ಅವ್ರಿಗೆ ಮುಜುಗರ ಆದೀತಂತ ಸುಮ್ಮ ಇರ್ತೀನಿ. ಒಮ್ಮೆ ಒಬ್ರು ಹೆಣ್ಮಗಳು ಅಳ್ಕೋತ ಮಾತಾಡಿದ್ರು, ಇಳಿಯಾಗ ನಾ ತಡಿಲಾರ್ದ 'ಹೋಗಿ ಊಟ ಮಾಡ್ರಿ ಅಕ್ಕಾ' ಅಂದೆ. ಅವ್ರು ಬಾಗಿಲ ಹಿಡಕೊಂಡು ಹಂಗೇ ನಿಂತ್ರು. ಆಮ್ಯಾಗ ನಕ್ಕರು. ಈಗ ಊರಿಗಿ ಹೋಗಾಗ ಸ್ಟೇಷನ್ನಿಗಿ ನನಗ ಫೋನ್ ಮಾಡ್ತಾರ, ಬರಾಗ ನನ್ನ ಮಗಳಿಗಿ ಪೆನ್ಸಿಲ್ ಡಬ್ಬಿ ತರ್ತಾರ.

ನಮ್ಮ ಮಂದಿ ಇಲ್ಲಿ ಭಾಳ ಅದಾರ್ರಿ. ಕಟ್ಟಡ ಕೆಲಸಕ್ಕ ಯಾದಗಿರಿ ಕಲಬುರಗಿ ವಿಜಾಪುರದವ್ರು. ಮುಂಜಾನಿ ಮಜೂರ ಅಡ್ಡಾದಾಗ ನಿಂತ್ರ ಕನ್ನಡಾನ ಕೇಳತದ. ನಿಮ್ಮ ಬಿಲ್ಡಿಂಗಿನ ವಾಚ್‌ಮನ್‌ಗ ಒಮ್ಮೆ ಊರ ಯಾವದಂತ ಕೇಳ್ರಿ.

ಕೋಥರೂಡ ಕಾಕೂ · ಜುಲೈ 7, ಬೆಳಿಗ್ಗೆ 6:20

ಯವ್ವಾ ತಂಗಿ, ನಿನ್ನ ಪತ್ರ ರಾತ್ರಿ ಓದಿದೆ, ನಿದ್ದಿ ಹತ್ತಲಿಲ್ಲ. ನಾ ಬಾಗಲಕೋಟಿಯಾಕಿ. 1984ರಾಗ ಲಗ್ನ ಆಗಿ ಪುಣೆಕ್ಕ ಬಂದೆ, ಸದಾಶಿವ ಪೇಠದಾಗ ವಾಡೆ, ಸುತ್ತ ಹನ್ನೊಂದ ಮನಿ, ನನಗ ಮರಾಠಿ ಒಂದ ಅಕ್ಷರ ಬರತಿದ್ದಿಲ್ಲ. ಇವರು ಮುಂಜಾನೆ ಸೈಕಲ್ ಹತ್ತಿ ಹೋದ್ರ ಸಂಜಿಗೇ ಬರೂದು.

ನಮ್ಮತ್ತಿಯವರು ಬಂದಾಗ ನನಗೊಂದ ಮಾತ ಹೇಳಿದ್ರು. ಕೊಡಾಕ ಹೋಗಬ್ಯಾಡ, ಕೇಳಾಕ ಹೋಗು. ಹೊಸಾಕಿ ಬಂದು ಬುಟ್ಟಿ ತುಂಬ ಕೊಟ್ರ ಮಂದಿ ಹೆದರತಾರ, ತಿರುಗಿ ಏನ ಕೊಡಬೇಕೋ ಅಂತ. ಸಣ್ಣದು ಏನಾರ ಕೇಳು. ನಾ ಬಾಜೂ ಮನಿಗೆ ಹೋಗಿ ಬಟ್ಟಲಾ ತೋರಿಸಿ ಹೆಪ್ಪು ಕೇಳಿದೆ, ಕೈಸನ್ನಿಲೆ. ಆಕಿ 'ವಿರಜಣ?' ಅಂದ್ಳು. ಅದು ನಾ ಕಲತ ಮೊದಲನೇ ಮರಾಠಿ ಶಬ್ದ. ಮರುದಿನ ಬಟ್ಟಲಾ ತಿರುಗಿ ಕೊಡೂವಾಗ ಬರೇ ಬಟ್ಟಲಾ ಹೆಂಗ ಕೊಡೂದು, ಶೇಂಗಾ ಹಿಂಡಿ ಹಾಕಿ ಕೊಟ್ಟೆ. ಆಕಿ ನನ್ನ ಡಬ್ಬಿ ಖಾಲಿ ಕೊಡಲಿಲ್ಲ. ಹಂಗ ಡಬ್ಬಿ ತಿರಗಲಿಕ್ಕೆ ಶುರು ಆಗಿದ್ದು 40 ವರ್ಷಾತು, ನಾವಿಬ್ಬರೂ ವಾಡೆ ಬಿಟ್ಟು ಬ್ಯಾರೆ ಬ್ಯಾರೆ ಕಡೆ ಬಂದೀವಿ, ಡಬ್ಬಿ ಇನ್ನೂ ತಿರಗತಾವ. ಆಮ್ಯಾಲ ಆಕಿನೇ ನನ್ನ ಹಳದಿಕುಂಕುಕ್ಕ ಕರದ್ಳು, ಭಿಶಿಗೆ, ಅಂದ್ರ ಹೆಣ್ಮಕ್ಕಳ ಚೀಟಿ ಗುಂಪಿಗೆ, ಸೇರಿಸಿದ್ಳು.

ಕನ್ನಡ ಬೇಕಂದ್ರ ಗಣೇಶನಗರದಾಗ ಕನ್ನಡ ಸಂಘ ಐತಿ, ಡಾ. ಶಾಮರಾವ್ ಕಲ್ಮಾಡಿಯವರ ಹೆಸರಿನ ಸಾಲಿನೂ ಅವರದ. ಕಾರ್ಯಕ್ರಮ ಇದ್ದಾಗ ಹೋಗು, ಆದ್ರ ಹಿಂದಿನ ಕುರ್ಚ್ಯಾಗ ಕೂತು ಎದ್ದು ಬರಬ್ಯಾಡ, ಮುಗದ ಮ್ಯಾಲ ಕುರ್ಚಿ ಎತ್ತಿಡಾಕ ನಿಲ್ಲು. ಡಿಸೆಂಬರದಾಗ ಸವಾಯಿ ಸಂಗೀತ ಉತ್ಸವ ಇರತೈತಿ. ನಮ್ಮ ಗದಗಿನ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ಹೆಸರಿಲೆ 1953ರಾಗ ಶುರು ಮಾಡಿದ್ದು. ಕೆಳಗ ಹಾಸಿದ ಜಾಗಾದಾಗ ಕೂತು ಕೇಳಬೇಕು, ಬಾಜೂದವರ ಕೂಡ ಥರ್ಮಾಸಿನ ಚಹಾ ಹಂಚಿಕೊಂಡು. ಪ್ರತಿ ವರ್ಷ ನಮ್ಮ ಬಾಜೂ ಕೂಡೂ ಸಾಂಗಲಿ ಗಂಡ ಹೆಂಡತಿ ಅದಾರ, ವರ್ಷಕ್ಕೊಮ್ಮೆ ಅಲ್ಲೇ ಭೇಟಿ. ನೀ ಬಾ, ನನ್ನ ಚಾಪಿ ಮ್ಯಾಲೆ ಜಾಗಾ ಐತಿ.

ಜ್ವರ ಬಂದಾಗ ಗಂಜಿ ಕುಡಿಬೇಕು. ಯಾರೂ ಇಲ್ಲ ಅನಬ್ಯಾಡ.

ಮೈಸೂರು ಮಲ್ಲಿಗೆಪೇಟೆ · ಜುಲೈ 7, ಮಧ್ಯಾಹ್ನ 12:40

ಕಾಕೂ ಬರೆದಿದ್ದು ಓದಿ ಕಣ್ಣು ಒದ್ದೆ ಆಯ್ತು. ನಾನು ಪಿಂಪಳೆ ಸೌದಾಗರ್‌ನಲ್ಲಿ ಇರೋದು. ಒಂದು ಎಚ್ಚರಿಕೆ ಮಾತ್ರ ಹೇಳ್ಬೇಕು, ಒಂಟಿ ಇರೋ ಹೊತ್ತಲ್ಲಿ ಇದು ಗೊತ್ತಾಗಲ್ಲ. ನಾನು ಹೊಸದಾಗಿ ಬಂದಾಗ ಸೂಪರ್‌ಮಾರ್ಕೆಟಲ್ಲಿ ಒಬ್ಳು ತಾನಾಗೇ ಮಾತಾಡ್ಸಿ, ನಿಮ್ಮ ಕುರ್ತಾ ಚೆನ್ನಾಗಿದೆ ಎಲ್ಲಿ ತಗೊಂಡ್ರಿ ಅಂತ ಶುರು ಮಾಡಿ, ಎರಡು ಸಲ ಕಾಫಿ ಕುಡಿಸಿದ್ಲು. ನಂಗೆ ಎಷ್ಟು ಖುಷಿ ಆಗಿತ್ತು ಅಂದ್ರೆ ಅಮ್ಮಂಗೆ ಫೋನ್ ಮಾಡಿ ಹೇಳಿದ್ದೆ. ಮೂರನೇ ಸಲ ತನ್ನ ಗಂಡನ ಜೊತೆ ಬಂದು ಬಿಸಿನೆಸ್ ಪ್ಲಾನ್ ತೋರ್ಸಿದ್ರು, ಇಷ್ಟು ದುಡ್ಡು ಹಾಕಿ ನಾಲ್ಕು ಜನರನ್ನ ಸೇರ್ಸಿ ಅಂತ. ಬೇಡ ಅಂದ ದಿನದಿಂದ ಫೋನ್ ಎತ್ತಲಿಲ್ಲ. ದುಡ್ಡು ಹೋಗ್ಲಿಲ್ಲ, ಆದ್ರೆ ಆಮೇಲೆ ಆರು ತಿಂಗಳು ಯಾರು ನಗಾಡಿದ್ರೂ ನಂಗೆ ಅನುಮಾನ.

ಅದಕ್ಕೇ ಕೆಲಸ ಮಾಡೋ ಜಾಗದಲ್ಲಿ, ಗಿಡ ನೆಡೋ ಕಡೆ, ಪ್ರಾಕ್ಟೀಸಲ್ಲಿ, ನಾಲ್ಕು ಜನರ ನಡುವೆ ಸಿಕ್ಕೋರು ಒಳ್ಳೇದು. ಮೊದಲ ಭೇಟಿಗೇ ಮನೆ ಅಡ್ರೆಸ್ ಕೊಡ್ಬೇಡಿ, ದುಡ್ಡಿನ ಮಾತು ಬಂದ್ರೆ ಎದ್ದು ಬನ್ನಿ.

ಮಾಂಡವಿ ದಾಟು · ಜುಲೈ 7, ಸಂಜೆ 6:05

ಕಾರವಾರದವನು, ಪಣಜಿಯಲ್ಲಿ ಕೆಲಸ. ಎಲ್ಲರಿಗೂ ಗುಂಪು ಒಗ್ಗುತ್ತದೆ ಅಂತಿಲ್ಲ, ನನ್ನಂಥ ಮಾತು ಕಡಿಮೆ ಇರುವವರ ಪರವಾಗಿ ಬರೀತಿದ್ದೇನೆ. ನಾನು ದಿನಾ ರಾಯಬಂದರ್‌ನಿಂದ ಚೋಡಣ ದ್ವೀಪಕ್ಕೆ ಫೆರಿಯಲ್ಲಿ ದಾಟುವವನು. ಅದೇ ಹೊತ್ತಿಗೆ ಬರುವ ವಯಸ್ಸಾದ ಒಬ್ಬರು ಇದ್ದರು, ವರ್ಷಗಟ್ಟಲೆ ಬರೀ ತಲೆ ಅಲ್ಲಾಡಿಸುವುದು ಅಷ್ಟೇ. ಎರಡು ವಾರ ರಜೆ ಹಾಕಿ ಬಂದಾಗ ಅವರು ದೋಣಿಯ ಆ ತುದಿಯಿಂದ ಎದ್ದು ಬಂದು, ಹುಷಾರಿಲ್ಲವಾ ಅಂತ ಕೊಂಕಣಿಯಲ್ಲಿ ಕೇಳಿದರು. ರಜೆಯ ದಿನ ನಾನು ಪಾಟೋದಲ್ಲಿರುವ ಕೃಷ್ಣದಾಸ ಶಾಮಾ ಗ್ರಂಥಾಲಯದಲ್ಲಿ ಕೂರ್ತೇನೆ, 1832ರಲ್ಲಿ ಶುರುವಾದದ್ದು ಅದು, ಅಲ್ಲೂ ಒಬ್ಬರು ಅಂಥವರೇ ಇದ್ದಾರೆ. ನಮ್ಮ ನಡುವೆ ಮಾತು ಕಡಿಮೆ, ಆದರೆ ನಾನು ಬರದಿದ್ದರೆ ಗಮನಿಸುತ್ತಾರೆ. ಅದು ಸಣ್ಣದಲ್ಲ.

ಬಾಣೇರ್ ಬಾನಾಡಿ · ಜುಲೈ 7, ಸಂಜೆ 7:30

ಕಾಕೂ ಹೇಳಿದ ಬಾಜೂ ಮನೆ ವಿಷಯಕ್ಕೂ ಒಂದು ಹಳೇ ಲೆಕ್ಕ ಇದೆ, ಇದೊಂದು ಹೇಳಿ ಸುಮ್ನಾಗ್ತೀನಿ. 1950ರಲ್ಲಿ ಬಂದಿದ್ದು, ಅಮೆರಿಕದ ಎಂಐಟಿಯಲ್ಲಿ ಮದುವೆಯಾದ ವಿದ್ಯಾರ್ಥಿಗಳಿಗೆ ಕೊಟ್ಟ ಮನೆಗಳಲ್ಲಿ ಫೆಸ್ಟಿಂಗರ್ ಮತ್ತೆ ಅವರ ಜೊತೆಯವರು ನಿಮ್ಮ ಗೆಳೆಯರು ಯಾರು ಅಂತ ಕೇಳಿದ್ರು. ಗೋಡೆ ಪಕ್ಕದ ಮನೆಯವರನ್ನ ಹೆಸರಿಸಿದ್ದು ನೂರಕ್ಕೆ 41, ಒಂದು ಮನೆ ಬಿಟ್ಟು ಆಚೆಯವರನ್ನ 22, ಅದೇ ಮಹಡಿಯ ಆ ತುದಿಯವರನ್ನ ಬರೀ 10. ಕೆಲವೇ ಹೆಜ್ಜೆ ವ್ಯತ್ಯಾಸ! ಮೆಟ್ಟಿಲ ಹತ್ರ ಇದ್ದವರಿಗೆ ಮೇಲಿನ ಮಹಡಿಯ ಗೆಳೆಯರೂ ಜಾಸ್ತಿ ಇದ್ರಂತೆ. ನಿಮ್ಮ 11ನೇ ಫ್ಲೋರಲ್ಲಿ ನಿಮ್ಮ ಗೋಡೆ ಪಕ್ಕ ಯಾರಿದಾರೆ ಗೊತ್ತಾ?

ತುಂಗಾತೀರ · ಜುಲೈ 7, ರಾತ್ರಿ 10:15

ಗೊತ್ತಿಲ್ಲ. ಬಾಗಿಲ ಮೇಲೆ ಹೆಸರಿದೆ, ಓದಿಲ್ಲ. ನಾಳೆ ಓದ್ತೀನಿ.

ತುಂಗಾತೀರ · ಜುಲೈ 28, ರಾತ್ರಿ 8:50

ಮೂರು ವಾರ ಆಯ್ತು, ಆಗಿದ್ದು ಆದಂಗೆ ಹೇಳ್ತೀನಿ.

ಟೇಕಡಿಗೆ ಮೊದಲ ಶನಿವಾರ ಹೋದೆ, ಬಾನಾಡಿ ಸರ್ ಆ ದಿನ ಊರಲ್ಲಿರ್ಲಿಲ್ಲ, ಯಾರೂ ಮಾತಾಡ್ಸಲಿಲ್ಲ, ಒಬ್ರು ಗುಂಡಿ ತೋರ್ಸಿದ್ರು ಅಷ್ಟೇ. ಕೆಳಗಿಳಿದು ಬರುವಾಗ ಇನ್ಮೇಲೆ ಬರಲ್ಲ ಅಂತಲೇ ಅಂದ್ಕೊಂಡಿದ್ದೆ. ಎರಡನೇ ಶನಿವಾರ ಜೋರು ಮಳೆ, ಎದ್ದು ರೆಡಿಯಾಗಿ ಮತ್ತೆ ಮಲ್ಕೊಂಡೆ. ಮೂರನೇ ವಾರ 50 ಗಂಟೇಲಿ ಇನ್ನೂ 48 ಬಾಕಿ ಇದೆ ಅಂತ ಎಣಿಸ್ಕೊಂಡು ಹೋದೆ. ಒಬ್ರು ಆಜೋಬಾ, 70 ದಾಟಿರ್ಬೇಕು, 'ಹೋದ ವಾರ ಬರಲಿಲ್ಲ' ಅಂದ್ರು ಮರಾಠೀಲಿ. ನಂಗೆ ಅರ್ಥ ಆಯ್ತು! ಅವರ ಕೈಲಿದ್ದಿದ್ದು ಕುದಳ, ನಮ್ಮ ಗುದ್ದಲಿನೇ. ಮಾಂಡವಿಯವರು ಬರೆದಿದ್ದು ನೆನಪಾಯ್ತು, ಬರದಿದ್ರೆ ಗಮನಿಸ್ತಾರೆ ಅಂತ.

ಪಕ್ಕದ ಮನೆ ಬೆಲ್ ಒತ್ತೋಕೆ ನಾಲ್ಕು ದಿನ ಬೇಕಾಯ್ತು. ಬಾಗಿಲು ಅರ್ಧ ತೆಗೆದು ಒಬ್ರು ಕಾಕೂ, ಕಾಯ್ ಪಾಹಿಜೆ ಅಂದ್ರು, ಏನು ಬೇಕು ಅಂತ. ಬಟ್ಟಲು ತೋರ್ಸಿ ವಿರಜಣ ಅಂದೆ. ಒಂದು ಚಮಚ ತಂದು ಹಾಕಿ ಬಾಗಿಲು ಹಾಕ್ಕೊಂಡ್ರು, ನಗಲೂ ಇಲ್ಲ. ಒಳಗೆ ಬಂದು ಬೇಜಾರಾಗಿ ಕೂತೆ. ಆದ್ರೂ ಖಾಲಿ ಬಟ್ಟಲು ಕೊಡಬಾರ್ದಲ್ಲ, ಊರಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಮಿಡಿ ಹಾಕಿ ಕೊಟ್ಟೆ. ಎರಡು ದಿನ ಸದ್ದಿಲ್ಲ. ಮೂರನೇ ದಿನ ರಾತ್ರಿ ಎಂಟಕ್ಕೆ ಬೆಲ್ಲು, ಕೈಲಿ ಥಾಲೀಪೀಟ್ ತಟ್ಟೆ, ಈ ಮಾವಿನಕಾಯಿ ಯಾವುದು ಇಂಥ ವಾಸನೆ ನಾನು ಜನ್ಮದಲ್ಲಿ ನೋಡಿಲ್ಲ ಅಂತ. ಒಂದೂವರೆ ಗಂಟೆ ಕೂತಿದ್ರು. ಮಗ ಕೆನಡಾದಲ್ಲಿ ಅಂತೆ, ಯಜಮಾನರು ಇಲ್ಲ. ನನ್ನ ಮನೇಲಿ ಯಾರೋ ಒಬ್ಬರು ಬಂದು ಕೂತಿದ್ದು 8 ತಿಂಗಳಲ್ಲಿ ಅದೇ ಮೊದಲು.

ಕೋಥರೂಡ ಕಾಕೂ · ಜುಲೈ 29, ಬೆಳಿಗ್ಗೆ 6:05

ನನಗೂ ಎರಡ ಮಿಡಿ ಎತ್ತಿಡು.

ತುಂಗಾತೀರ · ಸೆಪ್ಟೆಂಬರ್ 27, ರಾತ್ರಿ 9:40

ತುಂಬಾ ದಿನ ಆಯ್ತು ಬರೆದು. ಎಲ್ಲ ಸರಿ ಹೋಗಿಬಿಡ್ತು ಅಂತ ಹೇಳಲ್ಲ, ಕೆಲವು ಭಾನುವಾರ ಈಗಲೂ ಉದ್ದ ಇರತ್ತೆ, ಬೆಂಗಳೂರಿನ ಗೆಳತಿಯರ ಫೋಟೋ ನೋಡಿದ್ರೆ ಸಂಕಟ ಆಗತ್ತೆ. ಟೇಕಡಿಗೆ ಎಂಟು ಶನಿವಾರ ಹೋಗಿದೀನಿ, ಮೂರು ಜನರ ಜೊತೆ ಕೆಳಗಿಳಿದು ಪೋಹೆ ತಿನ್ನೋದು ಅಭ್ಯಾಸ ಆಗಿದೆ. ಹುಬ್ಬಳ್ಳಿಯವರ ಪಥಕ ನೋಡೋಕೆ ವಿಸರ್ಜನೆ ದಿನ ಲಕ್ಷ್ಮೀ ರಸ್ತೆಗೆ ಹೋಗಿದ್ದೆ, ಎದೆ ನಡುಗ್ತಿತ್ತು. ನಮ್ಮ ವಾಚ್‌ಮನ್ ಊರು ಕೇಳ್ದೆ ಇಂಡಿ ಅಣ್ಣ, ಅಫಜಲಪುರ ಅಂತೆ! ಈಗ ದಿನಾ 'ಊಟ ಆಯ್ತಾ ಅಕ್ಕ' ಅಂತಾರೆ.

ಬರೀಬೇಕು ಅನ್ಸಿದ್ದು ಇದಕ್ಕೆ. ನಿನ್ನೆ ಪಕ್ಕದ ಮನೆ ಕಾಕೂಗೆ ಕಣ್ಣಿನ ಪೊರೆ ಆಪರೇಷನ್ ಇತ್ತು. ಮಗ ಬರೋಕಾಗಲ್ಲ, ನೀನು ಬರ್ತೀಯಾ ಅಂತ ಕೇಳಿದ್ರು, ರಜೆ ಹಾಕಿ ಹೋದೆ. ಅದೇ ಆಸ್ಪತ್ರೆ, ಅದೇ ಕೌಂಟರ್. ಅವರಿಗೆ ಸರಿಯಾಗಿ ಕಾಣಲ್ಲ ಅಂತ ಫಾರ್ಮ್ ನಾನೇ ತುಂಬ್ತಿದ್ದೆ. ಆ ಕಾಲಂ ಬಂತು. ಮಗನ ನಂಬರ್ ಹೇಳಿ ಕಾಕೂ ಅಂದೆ. 'ತ್ಯಾಚಾ ನಕೋ, ತುಝಾ ಲಿಹೀ' ಅಂದ್ರು, ಅವನದು ಬೇಡ ನಿಂದು ಬರಿ ಅಂತ. ಹತ್ತು ಅಂಕಿ ಬರೆಯೋಕೆ ನಂಗೆ ಕೈ ನಡುಗ್ತಿತ್ತು.

ಭಾನುವಾರ ಅಮ್ಮನ ಫೋನ್ ಬಂದಾಗ ಕಾಕೂ ಮನೇಲಿದೀನಿ ಅಂತ ಹೇಳಿ ಅವರಿಗೇ ಕೊಟ್ಟೆ. ಅಮ್ಮ ಕನ್ನಡದಲ್ಲಿ, ಕಾಕೂ ಮರಾಠೀಲಿ, ಹತ್ತು ನಿಮಿಷ ಮಾತಾಡಿದ್ರು.

ಖರಾಡಿ ಹೊಸಬ · ಸೆಪ್ಟೆಂಬರ್ 28, ಬೆಳಿಗ್ಗೆ 8:12

ನಮಸ್ತೆ, ದಾವಣಗೆರೆಯವನು, ಬಂದು ಎರಡು ವಾರ ಆಯ್ತು, ಇಡೀ ಚರ್ಚೆ ಒಂದೇ ಉಸಿರಲ್ಲಿ ಓದಿದೆ. ಖರಾಡಿಯಿಂದ ಬಾಣೇರ್ ದೂರ ಅಂತ ಗೊತ್ತು. ಆದ್ರೂ ಶನಿವಾರ ನಾನೂ ಬರಬಹುದಾ?

ತುಂಗಾತೀರ · ಸೆಪ್ಟೆಂಬರ್ 28, ಬೆಳಿಗ್ಗೆ 8:30

ಬನ್ನಿ ಬನ್ನಿ. ಬೆಳಿಗ್ಗೆ 6:30, ತುಕಾಯಿ ಗುಡಿ ಮೆಟ್ಟಿಲ ಕೆಳಗೆ, ಕೆಂಪು ಕೊಡೆ ಹಿಡ್ಕೊಂಡಿರೋಳು ನಾನೇ. ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ, ಮಣ್ಣು ಜಾರತ್ತೆ. ಮೊದಲ ವಾರ ಯಾರೂ ಅಷ್ಟು ಮಾತಾಡ್ಸಲ್ಲ, ಮುಂದಿನ ವಾರವೂ ಬನ್ನಿ. ಮೂರನೇ ವಾರವೂ.